ಬೆಳೆಸಿದ ಊರಲ್ಲೇ ಉಳಿಸಿಕೊಳ್ಳೋ ಲೆಕ್ಕ

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು. ಅಲ್ಲಿನ ಕೊಡವ ಕುಟುಂಬಗಳ ಟೂರ್ನಿಯಲ್ಲಿ ಯಾರೂ ಯಾರನ್ನೂ ದುಡ್ಡು ಕೊಟ್ಟು ಕೊಂಡುಕೊಳ್ಳೋ ಹಾಗಿಲ್ಲ. ತಂಡ ಅಂದ್ರೆ ಒಕ್ಕ, ಒಕ್ಕ ಅಂದ್ರೆ ಮನೆತನ. ಎಷ್ಟೇ ಚೆನ್ನಾಗಿ ಆಡಿದ್ರೂ ಪಕ್ಕದ ಮನೆತನದವರು ಬಂದು ಹೆಚ್ಚು ಸಂಬಳ ಕೊಡ್ತೀವಿ, ಬಾ ಅನ್ನೋಕಾಗಲ್ಲ.

ಈ ಸಲ ನಾನು ಬರೀತಿರೋದು ಅದಕ್ಕೆ ಪೂರ್ತಿ ಉಲ್ಟಾ ಇರೋ ಇನ್ನೊಂದು ಹಾಕಿ ಬಗ್ಗೆ. ಕೆನಡಾ ಮತ್ತು ಅಮೆರಿಕದ ಐಸ್ ಹಾಕಿ, ಅಂದ್ರೆ ಎನ್‌ಎಚ್‌ಎಲ್. 32 ತಂಡ, ಕೋಟಿಗಟ್ಟಲೆ ಡಾಲರ್, ಸಂಬಳಕ್ಕೊಂದು ಮಿತಿ. ಆಟದ ನಿಯಮ ಗೊತ್ತಿಲ್ಲದಿದ್ರೂ ಪರವಾಗಿಲ್ಲ. ಸಂಬಳ, ಆಫರ್ ಲೆಟರ್, ಬಾಂಡ್, ಸಿಟಿಸಿ ಇಷ್ಟು ಗೊತ್ತಿದ್ರೆ ಸಾಕು. ನನ್ನ ಪ್ರಶ್ನೆ ಇಷ್ಟೇ: ಒಂದು ಸಣ್ಣ ಊರು ತಾನು ಬೆಳೆಸಿದ ಪ್ರತಿಭೆಯನ್ನ ತನ್ನಲ್ಲೇ ಉಳಿಸಿಕೊಳ್ಳೋದು ಹೇಗೆ? ಅದಕ್ಕೆ ಬೆಲೆ ಕಟ್ಟೋರು ಯಾರು?

ಮೈನಸ್ 20ರ ಊರು

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ವಿನ್ನಿಪೆಗ್ ಅಂತ ಒಂದು ನಗರ ಇದೆ. ಸುತ್ತಮುತ್ತಲಿನದೆಲ್ಲ ಸೇರಿಸಿದ್ರೂ 2021ರ ಜನಗಣತಿಯಲ್ಲಿ ಜನಸಂಖ್ಯೆ 8 ಲಕ್ಷ ಚಿಲ್ಲರೆ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಚಿಕ್ಕದು. ಜನವರಿ ರಾತ್ರಿಗಳಲ್ಲಿ ಮೈನಸ್ 20 ಡಿಗ್ರಿ ಅನ್ನೋದು ಅಲ್ಲಿ ಸುದ್ದಿಯೇ ಅಲ್ಲ. ಅಲ್ಲಿನ ತಂಡ ವಿನ್ನಿಪೆಗ್ ಜೆಟ್ಸ್. ಅವರ ಕ್ರೀಡಾಂಗಣದಲ್ಲಿ ಸುಮಾರು 15 ಸಾವಿರ ಜನ ಕೂರಬಹುದು, ಲೀಗ್‌ನಲ್ಲೇ ಚಿಕ್ಕವುಗಳ ಸಾಲಿಗೆ ಸೇರುತ್ತೆ. ಅಲ್ಲಿ ಸಂಜೆ ಏಳಕ್ಕೆ ಪಂದ್ಯ ಶುರುವಾದ್ರೆ ಚಳಿಗಾಲದಲ್ಲಿ ನಮಗೆ ಮರುದಿನ ಬೆಳಗ್ಗೆ ಆರೂವರೆ. ಆಫೀಸ್ ಬಸ್ ಬರೋದ್ರೊಳಗೆ ಎರಡು ಪೀರಿಯಡ್ ನೋಡಿ ಮುಗಿಸಬಹುದು.

2023ರ ಅಕ್ಟೋಬರ್ 9ರಂದು ಈ ಊರಲ್ಲಿ ಒಂದು ವಿಚಿತ್ರ ನಡೀತು. ತಂಡದ ಇಬ್ಬರು ದೊಡ್ಡ ಆಟಗಾರರು, ಫಾರ್ವರ್ಡ್ ಮಾರ್ಕ್ ಶೈಫ್ಲಿ ಮತ್ತು ಗೋಲ್‌ಕೀಪರ್ ಕಾನರ್ ಹೆಲೆಬಕ್, ಒಂದೇ ದಿನ ಒಂದೇ ಮೊತ್ತಕ್ಕೆ ಸಹಿ ಹಾಕಿದ್ರು. ತಲಾ ಏಳು ವರ್ಷ, ವರ್ಷಕ್ಕೆ 85 ಲಕ್ಷ ಡಾಲರ್. ಇಬ್ಬರ ಹಳೇ ಒಪ್ಪಂದವೂ ಮುಂದಿನ ಬೇಸಿಗೆಗೆ ಮುಗೀತಿತ್ತು. ಇಬ್ಬರೂ ಹೊರಟೇ ಬಿಡ್ತಾರೆ ಅಂತ ಆ ಬೇಸಿಗೆಯಿಡೀ ಮಾತಾಗಿತ್ತು. ದೊಡ್ಡ ಊರು, ಬೆಚ್ಚಗಿನ ಊರು, ತೆರಿಗೆ ಕಮ್ಮಿ ಇರೋ ಊರು ಬೇಕಾದಷ್ಟಿತ್ತು. ಅವರು ಉಳಿದುಕೊಂಡ್ರು.

ಇವರಿಬ್ಬರೂ ವಿನ್ನಿಪೆಗ್‌ನಲ್ಲಿ ಹುಟ್ಟಿದವರಲ್ಲ ಅನ್ನೋದನ್ನ ಗಮನಿಸಿ. ಶೈಫ್ಲಿ ಒಂಟಾರಿಯೊದ ಹುಡುಗ, ಹೆಲೆಬಕ್ ಅಮೆರಿಕದ ಮಿಷಿಗನ್‌ನವರು. ಲೀಗ್‌ನ ವಾರ್ಷಿಕ ಆಯ್ಕೆಯಲ್ಲಿ, ಅಂದ್ರೆ ಡ್ರಾಫ್ಟ್‌ನಲ್ಲಿ, ಶೈಫ್ಲಿಯನ್ನ 2011ರಲ್ಲಿ 7ನೇ ಆಟಗಾರನಾಗಿ ಜೆಟ್ಸ್ ಆರಿಸಿತ್ತು. ಹೆಲೆಬಕ್ ಅವರನ್ನ 2012ರಲ್ಲಿ ಐದನೇ ಸುತ್ತಲ್ಲಿ, 130ನೇ ಆಟಗಾರನಾಗಿ. ಅಂದ್ರೆ ಅದಕ್ಕೂ ಮುಂಚೆ 129 ಸಲ ಬೇರೆ ಹೆಸರು ಕೂಗಿಯಾಗಿತ್ತು. ಆ ಲೀಗ್‌ನಲ್ಲಿ 'ನಮ್ಮ ಹುಡುಗ' ಅಂದ್ರೆ ನಮ್ಮಲ್ಲಿ ಹುಟ್ಟಿದವನಲ್ಲ, ನಾವು ಆರಿಸಿ, ತಿದ್ದಿ, ಕಾದು ಬೆಳೆಸಿದವನು. ನಮಗೂ ಇದು ಹೊಸದಲ್ಲ. ದೆಹಲಿಯ ಕೊಹ್ಲಿ 2008ರಿಂದ ಆಡ್ತಾ ಆಡ್ತಾ ಬೆಂಗಳೂರಿನವರಾಗಿಬಿಟ್ರು. ನಮ್ಮದೇ ಕೆ.ಎಲ್. ರಾಹುಲ್ 2025ರ ಐಪಿಎಲ್‌ಗೆ 14 ಕೋಟಿಗೆ ದೆಹಲಿ ಸೇರಿದ್ರು.

ಮಿತಿ ಇಲ್ಲದ ಕಾಲ

ಸ್ಯಾಲರಿ ಕ್ಯಾಪ್ ಬರೋಕೆ ಮುಂಚೆ ಏನಾಗ್ತಿತ್ತು ಅಂತ ನೋಡಿದ್ರೆ ವಿನ್ನಿಪೆಗ್‌ನ ಆ ದಿನ ಯಾಕೆ ದೊಡ್ಡದು ಅಂತ ಅರ್ಥ ಆಗುತ್ತೆ.

1988ರ ಆಗಸ್ಟ್ 9ರಂದು ಎಡ್ಮಂಟನ್ ಆಯ್ಲರ್ಸ್ ತಂಡ ವೇಯ್ನ್ ಗ್ರೆಟ್ಸ್ಕಿಯನ್ನ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ಟಿತು. ಐಸ್ ಹಾಕಿಯಲ್ಲಿ ಅವರು ನಮ್ಮ ಕ್ರಿಕೆಟ್‌ನ ತೆಂಡೂಲ್ಕರ್ ಇದ್ದ ಹಾಗೆ. ಅದೇ ವರ್ಷ ಎಡ್ಮಂಟನ್ ಅವರ ನಾಯಕತ್ವದಲ್ಲಿ ನಾಲ್ಕನೇ ಸ್ಟ್ಯಾನ್ಲಿ ಕಪ್ ಗೆದ್ದಿತ್ತು. ವ್ಯವಹಾರದಲ್ಲಿ ಆಟಗಾರರ ಅದಲು ಬದಲಿನ ಜೊತೆಗೆ 1.5 ಕೋಟಿ ಡಾಲರ್ ನಗದೂ ಇತ್ತು. ತಂಡದ ಮಾಲೀಕ ಪೀಟರ್ ಪಾಕ್ಲಿಂಗ್ಟನ್‌ಗೆ ಆ ದುಡ್ಡು ಬೇಕಿತ್ತು. ಸರ್ಕಾರ ಇದನ್ನ ತಡೀಬೇಕು ಅಂತ ಕೆನಡಾದ ಸಂಸತ್ ಸದಸ್ಯರೊಬ್ಬರು ಕೇಳಿದ್ರು. ಏನೂ ಆಗಲಿಲ್ಲ.

ಕ್ಯುಬೆಕ್ ಸಿಟಿ ಕಥೆ ಇನ್ನೂ ಹೊಟ್ಟೆ ಉರಿಸೋದು. ಅಲ್ಲಿನ ನಾರ್ಡಿಕ್ಸ್ ತಂಡ ವರ್ಷಗಟ್ಟಲೆ ಸೋತು ಸೋತು, 1989, 1990, 1991ರಲ್ಲಿ ಸತತ ಮೂರು ಸಲ ಡ್ರಾಫ್ಟ್‌ನ ಮೊದಲ ಆಯ್ಕೆ ಪಡೀತು. ಮೂರನೇ ಸಲ ಆರಿಸಿದ ಎರಿಕ್ ಲಿಂಡ್ರೋಸ್ ಈ ಊರಿಗೆ ಆಡಲ್ಲ ಅಂತ ಖಡಾಖಂಡಿತ ಹೇಳಿದ. ಅವನನ್ನ ಬಿಟ್ಟುಕೊಟ್ಟು ಬಂದವರಲ್ಲಿ ಪೀಟರ್ ಫೋರ್ಸ್‌ಬರ್ಗ್ ಒಬ್ಬರು. 1987ರಲ್ಲೇ ಆರಿಸಿದ ಜೋ ಸಾಕಿಕ್ ಆಗಲೇ ಇದ್ರು. ಅಂತೂ ತಂಡ ಬಲವಾಗಿ ನಿಂತಿತು ಅನ್ನೋ ಹೊತ್ತಿಗೆ, 1995ರಲ್ಲಿ, ತಂಡವನ್ನೇ ಮಾರಿ ಡೆನ್ವರ್‌ಗೆ ಸಾಗಿಸಿದ್ರು. ಹೆಸರು ಕೊಲರಾಡೊ ಅವಲಾಂಚ್ ಅಂತಾಯ್ತು. ಮಾರನೇ ವರ್ಷ, 1996ರಲ್ಲಿ, ಅದೇ ತಂಡ ಕಪ್ ಎತ್ತಿತು. ನಾಯಕ ಜೋ ಸಾಕಿಕ್. ನೀರು ಹಾಕಿದ್ದು ಒಂದು ಊರು, ಹಣ್ಣು ತಿಂದಿದ್ದು ಇನ್ನೊಂದು ಊರು.

ಅದೇ 1996ರಲ್ಲಿ ಹಳೇ ವಿನ್ನಿಪೆಗ್ ಜೆಟ್ಸ್ ತಂಡವೂ ಫೀನಿಕ್ಸ್‌ಗೆ ಹೋಯ್ತು. ಅದಕ್ಕೆ ಮುಂಚೆಯೇ, ಆ ಫೆಬ್ರವರಿಯಲ್ಲಿ, ಊರಿನ ಕಣ್ಮಣಿ ಟೇಮು ಸೆಲಾನೆಯನ್ನ ಅನಹೈಮ್‌ಗೆ ಕೊಟ್ಟಾಗಿತ್ತು.

ಕೆನಡಾದ ತಂಡಗಳಿಗೆ ಇನ್ನೊಂದು ತಲೆನೋವು ಇತ್ತು, ಈಗಲೂ ಇದೆ. ಟಿಕೆಟ್ ದುಡ್ಡು ಬರೋದು ಕೆನಡಾ ಡಾಲರ್‌ನಲ್ಲಿ, ಸಂಬಳ ಕೊಡಬೇಕಾಗಿರೋದು ಅಮೆರಿಕದ ಡಾಲರ್‌ನಲ್ಲಿ. 2002ರ ಜನವರಿಯಲ್ಲಿ ಒಂದು ಕೆನಡಾ ಡಾಲರ್‌ಗೆ ಸಿಗ್ತಿದ್ದದ್ದು ಸುಮಾರು 62 ಅಮೆರಿಕನ್ ಸೆಂಟ್. ನಮ್ಮ ಐಟಿ ಕಂಪನಿಗಳಿಗೆ ಡಾಲರ್ ಏರಿದ್ರೆ ಖುಷಿ. ಅವರಿಗೆ ಅದು ಸಂಬಳದ ದಿನದ ಶಾಪ.

ಅಮೆರಿಕದ ಸಣ್ಣ ಊರುಗಳೂ ಬಚಾವ್ ಆಗಿರಲಿಲ್ಲ. ಪಿಟ್ಸ್‌ಬರ್ಗ್ ತಂಡ ತಾನೇ 1990ರಲ್ಲಿ ಆರಿಸಿ ಬೆಳೆಸಿದ ಯಾರೊಮೀರ್ ಯಾಗರ್‌ರನ್ನ 2001ರಲ್ಲಿ ಸಂಬಳ ಭರಿಸಲಾಗದೆ ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟಿತು. 2003ರ ಜನವರಿಯಲ್ಲಿ ಒಟ್ಟಾವ ಮತ್ತು ಬಫಲೊ, ಎರಡೂ ತಂಡಗಳು ದಿವಾಳಿ ಅರ್ಜಿ ಹಾಕಿದ್ವು. 2003–04ರಲ್ಲಿ ಡೆಟ್ರಾಯ್ಟ್, ನ್ಯೂಯಾರ್ಕ್ ರೇಂಜರ್ಸ್‌ನಂಥ ತಂಡಗಳ ಸಂಬಳದ ಬಿಲ್ 7.5 ಕೋಟಿ ಡಾಲರ್ ದಾಟಿತ್ತು. ನ್ಯಾಶ್‌ವಿಲ್‌ನದ್ದು ಅದರ ಮೂರನೇ ಒಂದು ಭಾಗಕ್ಕಿಂತ ಕಮ್ಮಿ.

ಒಂದು ವರ್ಷ ಆಟವೇ ಇಲ್ಲ

2004–05ರಲ್ಲಿ ಮಾಲೀಕರು ಬಾಗಿಲು ಹಾಕಿದ್ರು. ಸಂಬಳಕ್ಕೆ ಮಿತಿ ಒಪ್ಪದಿದ್ರೆ ಆಟ ಇಲ್ಲ ಅಂದ್ರು. ಆಟಗಾರರ ಸಂಘ ಒಪ್ಪಲಿಲ್ಲ. ಲೀಗ್‌ನ 1,230 ಪಂದ್ಯಗಳೂ ರದ್ದಾದವು, ಆ ವರ್ಷ ಸ್ಟ್ಯಾನ್ಲಿ ಕಪ್ ಯಾರಿಗೂ ಸಿಗಲಿಲ್ಲ. ಕೊನೆಗೆ 2005ರ ಜುಲೈನಲ್ಲಿ ಆಟಗಾರರು ಮಣಿದ್ರು. ಆಗ ಇದ್ದ ಒಪ್ಪಂದಗಳ ಸಂಬಳವನ್ನೆಲ್ಲ ಶೇ 24ರಷ್ಟು ಕತ್ತರಿಸೋಕೂ ಒಪ್ಪಿದ್ರು. ನಿಮ್ಮ ಆಫರ್ ಲೆಟರ್ ಮೇಲೆ ಸಹಿಯಾದ ಮೇಲೆ ಕಾಲು ಭಾಗ ಕಮ್ಮಿ ಮಾಡ್ತೀವಿ ಅಂದ್ರೆ ಹೇಗಿರುತ್ತೆ, ಊಹಿಸಿ.

ಹಾಗೆ ಬಂತು ಸ್ಯಾಲರಿ ಕ್ಯಾಪ್. ಮೊದಲ ವರ್ಷ ಒಂದು ತಂಡ ಆಟಗಾರರಿಗೆಲ್ಲ ಸೇರಿ 3.9 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡೋ ಹಾಗಿರಲಿಲ್ಲ. 2025–26ಕ್ಕೆ ಆ ಮಿತಿ 9.55 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 800 ಕೋಟಿ ರೂಪಾಯಿಗೂ ಮೇಲೆ. ಐಪಿಎಲ್‌ನ 'ಪರ್ಸ್' ಗೊತ್ತಿರೋರಿಗೆ ಇದು ಸುಲಭ. 2025ರ ಮೆಗಾ ಹರಾಜಿನಲ್ಲಿ ಪ್ರತಿ ತಂಡಕ್ಕೂ 120 ಕೋಟಿ, ಮುಂಬೈಯ ಮಾಲೀಕ ಎಷ್ಟೇ ಶ್ರೀಮಂತ ಆದ್ರೂ ಅಷ್ಟೇ. ಇದೂ ಹಾಗೇ. ದಂಡ ಕಟ್ಟಿ ಮಿತಿ ಮೀರ್ತೀನಿ ಅನ್ನೋ ಅವಕಾಶ ಇಲ್ಲಿಲ್ಲ.

ಇನ್ನೂ ಮೂರು ವಿಷಯ ಗಮನಿಸಬೇಕು.

ಒಂದು, ಮೇಲಿನ ಮಿತಿ ಇದ್ದ ಹಾಗೆ ಕೆಳಗಿನ ಮಿತಿಯೂ ಇದೆ. 2025–26ರಲ್ಲಿ ಕನಿಷ್ಠ 7.06 ಕೋಟಿ ಡಾಲರ್ ಖರ್ಚು ಮಾಡಲೇಬೇಕು. ಬಡ ತಂಡ ಅಂತ ಹೇಳಿಕೊಂಡು ಜಿಪುಣತನ ಮಾಡೋ ಹಾಗಿಲ್ಲ.

ಎರಡು, ಈ ಮಿತಿ ಇಡೀ ಲೀಗ್‌ನ ಆದಾಯಕ್ಕೆ ಗಂಟು ಹಾಕಿದ್ದು. 2013ರ ಒಪ್ಪಂದದಿಂದ ಹಾಕಿ ಆದಾಯದಲ್ಲಿ ಆಟಗಾರರಿಗೆ ಅರ್ಧ, ಮಾಲೀಕರಿಗೆ ಅರ್ಧ. ಆ ಅರ್ಧ ಮೀರದ ಹಾಗೆ ನೋಡಿಕೊಳ್ಳೋಕೆ ಆಟಗಾರರ ಸಂಬಳದಲ್ಲಿ ಒಂದಿಷ್ಟು ಹಿಡಿದಿಟ್ಟುಕೊಳ್ತಾರೆ, ವರ್ಷದ ಲೆಕ್ಕ ಮುಗಿದ ಮೇಲೆ ಉಳಿದದ್ದನ್ನ ವಾಪಸ್ ಕೊಡ್ತಾರೆ. ನಮ್ಮ ವೇರಿಯಬಲ್ ಪೇ ಇದ್ದ ಹಾಗೆ, ಬಂದ್ರೆ ಬಂತು.

ಮೂರು, ಹೆಚ್ಚು ಸಂಪಾದಿಸೋ ತಂಡಗಳ ದುಡ್ಡಲ್ಲಿ ಒಂದು ಪಾಲು ಕಮ್ಮಿ ಸಂಪಾದಿಸೋ ತಂಡಗಳಿಗೆ ಹೋಗುತ್ತೆ. ಕ್ಯಾಪ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಈ ಹಂಚಿಕೆ ಬಗ್ಗೆ ಕಮ್ಮಿ. ನನ್ನ ಪ್ರಕಾರ ಸಣ್ಣ ಊರಿನ ಉಸಿರು ನಿಂತಿರೋದು ಇದರ ಮೇಲೆ.

ಕ್ಯಾಪ್ ಮಾಡಿದ ಒಳ್ಳೇದು

ಮೊದಲು ಪಿಟ್ಸ್‌ಬರ್ಗ್. ಯಾಗರ್‌ರನ್ನ ಕಳಕೊಂಡ ಅದೇ ಊರು 2005ರಲ್ಲಿ ಸಿಡ್ನಿ ಕ್ರಾಸ್ಬಿಯನ್ನ ಆರಿಸಿತು. ಇಪ್ಪತ್ತು ವರ್ಷ ಆದ್ಮೇಲೂ ಅವರು ಅಲ್ಲೇ ಇದ್ದಾರೆ. ಮೂರು ಕಪ್ ಗೆದ್ದಿದ್ದಾರೆ, 2009, 2016, 2017. 2008–09ರಿಂದ ಅವರ ಸಂಬಳದ ಸರಾಸರಿ ವರ್ಷಕ್ಕೆ 87 ಲಕ್ಷ ಡಾಲರ್. 2024ರಲ್ಲಿ ಎರಡು ವರ್ಷಕ್ಕೆ ಮತ್ತೆ ಸಹಿ ಹಾಕಿದಾಗಲೂ ಅದೇ 87 ಲಕ್ಷ. 2008ರಲ್ಲಿ ಅದು ತಂಡದ ಮಿತಿಯ ಶೇ 15ರಷ್ಟಿತ್ತು, ಈಗ ಶೇ 9. ಹೈಕ್ ಇಲ್ಲದೆ ಹದಿನೇಳು ವರ್ಷ! ಉಳಿದ ದುಡ್ಡಲ್ಲಿ ತಂಡ ಕಟ್ಟಿ ಅನ್ನೋದು ಅವರ ಲೆಕ್ಕ. ಹೊಸ ಕ್ರೀಡಾಂಗಣ ಬರದಿದ್ರೆ ಕ್ಯಾಪ್ ಒಂದೇ ಪಿಟ್ಸ್‌ಬರ್ಗ್‌ನ ಉಳಿಸ್ತಿರಲಿಲ್ಲ, ಅದೂ ನಿಜ.

ಇನ್ನೊಂದು ಉದಾಹರಣೆ ಶಿಕಾಗೊ. ದೊಡ್ಡ ಊರು, ದೊಡ್ಡ ದುಡ್ಡು. 2010ರಲ್ಲಿ ಕಪ್ ಗೆದ್ರು. ಗೆದ್ದ ಖುಷಿ ಇಳಿಯೋ ಮೊದಲೇ ಕ್ಯಾಪ್ ಲೆಕ್ಕ ಕುತ್ತಿಗೆಗೆ ಬಂತು. ಡಸ್ಟಿನ್ ಬಫ್ಲಿನ್, ಆಂಡ್ರೂ ಲ್ಯಾಡ್ ಸೇರಿ ಹಲವರನ್ನ ಬಿಡಬೇಕಾಯ್ತು. ಇವರಿಬ್ಬರೂ ಹೋಗಿದ್ದು ಅಟ್ಲಾಂಟ ತಂಡಕ್ಕೆ. 2011ರಲ್ಲಿ ಆ ಅಟ್ಲಾಂಟ ತಂಡವೇ ಎದ್ದು ವಿನ್ನಿಪೆಗ್‌ಗೆ ಬಂತು, ಹೊಸ ಜೆಟ್ಸ್ ಆಯ್ತು. ಲ್ಯಾಡ್ ಅದರ ನಾಯಕರಾದ್ರು. ಹದಿನೈದು ವರ್ಷ ಲೀಗ್ ಇಲ್ಲದೆ ಕೂತಿದ್ದ ಊರಿಗೆ ಕಪ್ ಗೆದ್ದ ಇಬ್ಬರು ಸಿಕ್ಕಿದ್ದು ಈ ದಾರಿಯಲ್ಲಿ. ಮಿತಿ ಇಲ್ಲದಿದ್ರೆ ಶಿಕಾಗೊ ಅವರನ್ನ ಬಿಡ್ತಾನೇ ಇರಲಿಲ್ಲ.

ಅಂದ್ರೆ ಕ್ಯಾಪ್ ಅನ್ನೋದು ಶ್ರೀಮಂತ ತಂಡದ ಬಾಚಿಕೊಳ್ಳೋ ಶಕ್ತಿಗೆ ಹಾಕಿದ ಬೇಲಿ. ಎಲ್ಲ ಒಳ್ಳೆಯವರನ್ನೂ ಒಬ್ಬರೇ ಇಟ್ಟುಕೊಳ್ಳೋಕಾಗಲ್ಲ. ಆದ್ರೆ 'ನಿನ್ನ ಹುಡುಗ ನಿನ್ನ ಹತ್ರಾನೇ ಇರ್ತಾನೆ' ಅಂತ ಕ್ಯಾಪ್ ಯಾರಿಗೂ ಮಾತು ಕೊಟ್ಟಿಲ್ಲ. ಈ ಎರಡನ್ನ ಜನ ಒಂದೇ ಅಂದುಕೊಳ್ತಾರೆ, ಅಲ್ಲೇ ನಿರಾಸೆ ಶುರು.

ಸಿಟಿಸಿ ಬೇರೆ, ಕೈಗೆ ಬರೋದು ಬೇರೆ

2007ರ ಬಫಲೊ ನೋಡಿ. ಕ್ಯಾಪ್ ಬಂದು ಎರಡು ವರ್ಷ ಆಗಿತ್ತು. ಆ ಸೀಸನ್ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡ ಬಫಲೊ. ಜುಲೈ 1ಕ್ಕೆ, ಒಂದೇ ದಿನ, ಇಬ್ಬರು ನಾಯಕರೂ ಹೊರಟ್ರು. ಡೇನಿಯಲ್ ಬ್ರಿಯೇರ್ ಫಿಲಡೆಲ್ಫಿಯಾಗೆ, ಕ್ರಿಸ್ ಡ್ರೂರಿ ನ್ಯೂಯಾರ್ಕ್‌ಗೆ. ಗಾಯಕ್ಕೆ ಉಪ್ಪು ಹಾಕಿದ ಹಾಗೆ ಎಡ್ಮಂಟನ್ ಬಂದು, ಬಫಲೊ ತಾನೇ ಆರಿಸಿ ಬೆಳೆಸಿದ ಥಾಮಸ್ ವಾನೆಕ್‌ಗೆ ಏಳು ವರ್ಷಕ್ಕೆ 5 ಕೋಟಿ ಡಾಲರ್‌ನ 'ಆಫರ್ ಶೀಟ್' ಕೊಟ್ಟಿತು.

ಆಫರ್ ಶೀಟ್ ಅಂದ್ರೆ ಏನು? ಬೇರೆ ಕಂಪನಿಯ ಆಫರ್ ಲೆಟರ್. ನಿಮ್ಮ ಕಂಪನಿಗೆ ಏಳು ದಿನ ಟೈಮ್. ಅಷ್ಟೇ ಸಂಬಳ ಕೊಟ್ಟು ಉಳಿಸಿಕೊಳ್ಳಬಹುದು, ಇಲ್ಲ ಅಂದ್ರೆ ಬಿಡಬಹುದು. ಬಿಟ್ರೆ ಆ ಹೊಸ ತಂಡ ತನ್ನ ಮುಂದಿನ ಡ್ರಾಫ್ಟ್ ಆಯ್ಕೆಗಳನ್ನ ಪರಿಹಾರವಾಗಿ ಕೊಡಬೇಕು. ನಮ್ಮಲ್ಲಿ ಎಚ್‌ಆರ್ ಕರೆದು 'ಮ್ಯಾಚ್ ಮಾಡ್ತೀವಿ ಇರು' ಅನ್ನೋದನ್ನೇ ಅವರು ನಿಯಮ ಮಾಡಿದ್ದಾರೆ. ಬಫಲೊ ಮ್ಯಾಚ್ ಮಾಡ್ತು. ಇಬ್ಬರನ್ನ ಕಳಕೊಂಡ ವಾರದಲ್ಲೇ ಮೂರನೆಯವನನ್ನೂ ಬಿಟ್ರೆ ಊರು ಮುಖ ನೋಡ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಪರೀಕ್ಷೆ ನ್ಯಾಶ್‌ವಿಲ್‌ದು. 2012ರ ಜುಲೈ. ತಂಡ ಆರಿಸಿ ಬೆಳೆಸಿದ ಇಬ್ಬರು ದೊಡ್ಡ ಡಿಫೆನ್ಸ್ ಆಟಗಾರರಲ್ಲಿ ರಯನ್ ಸೂಟರ್ ಆಗಲೇ ಮಿನ್ನೆಸೋಟಾಗೆ ಹೋಗಿದ್ರು, 13 ವರ್ಷ, 9.8 ಕೋಟಿ ಡಾಲರ್‌ಗೆ. ಉಳಿದವರು ಶಿಯಾ ವೆಬರ್. ಫಿಲಡೆಲ್ಫಿಯಾ ಅವರಿಗೆ 14 ವರ್ಷಕ್ಕೆ 11 ಕೋಟಿ ಡಾಲರ್‌ನ ಆಫರ್ ಶೀಟ್ ಕೊಟ್ಟಿತು.

ಇದರಲ್ಲಿದ್ದ ಚಾಲಾಕಿ ನೋಡಿ. ಕ್ಯಾಪ್ ಲೆಕ್ಕಕ್ಕೆ ಹಿಡಿಯೋದು ವಾರ್ಷಿಕ ಸರಾಸರಿ, ಅಂದ್ರೆ ಸುಮಾರು 79 ಲಕ್ಷ ಡಾಲರ್. ಅದೇನೂ ನ್ಯಾಶ್‌ವಿಲ್‌ಗೆ ಕಷ್ಟ ಇರಲಿಲ್ಲ. ಆದ್ರೆ ದುಡ್ಡು ಕೊಡೋ ಕ್ರಮ ಸರಾಸರಿ ಪ್ರಕಾರ ಇರಲಿಲ್ಲ. ಮೊದಲ ನಾಲ್ಕು ವರ್ಷ ತಲಾ 1.4 ಕೋಟಿ ಡಾಲರ್, ಅದರಲ್ಲಿ 1.3 ಕೋಟಿ ಸಹಿ ಬೋನಸ್. ಅಂದ್ರೆ ಪ್ರತಿ ಬೇಸಿಗೆಯಲ್ಲಿ, ಒಂದೇ ಒಂದು ಟಿಕೆಟ್ ಮಾರೋ ಮುಂಚೆ, ಕೈಯಿಂದ 1.3 ಕೋಟಿ ಡಾಲರ್ ನಗದು ಎಣಿಸಬೇಕು. ನಮ್ಮಲ್ಲಿ ಸಿಟಿಸಿ ಒಂದು ಹೇಳ್ತಾರೆ, ಕೈಗೆ ಬರೋದು ಇನ್ನೊಂದು ಅಲ್ವಾ? ಇಲ್ಲಿ ಅದು ಕೊಡೋರ ಕಡೆಯಿಂದ. ಪೇಪರ್ ಮೇಲೆ ಎರಡೂ ತಂಡ ಸಮ, ಬ್ಯಾಂಕ್ ಬ್ಯಾಲೆನ್ಸ್‌ನಲ್ಲಿ ಅಲ್ಲ. ಕ್ಯಾಪ್ ಅನ್ನೋ ಬೇಲಿಯ ಕೆಳಗೆ ಸುರಂಗ ತೋಡಿದ ಹಾಗೆ.

ಜುಲೈ 24ಕ್ಕೆ ನ್ಯಾಶ್‌ವಿಲ್ ಮ್ಯಾಚ್ ಮಾಡ್ತು. ನಾಲ್ಕು ಮೊದಲ ಸುತ್ತಿನ ಆಯ್ಕೆ ಪರಿಹಾರವಾಗಿ ಸಿಗ್ತಿತ್ತು, ಬೇಡ ಅಂದ್ರು. ಸೂಟರ್ ಹೋದ ತಿಂಗಳಲ್ಲೇ ನಾಯಕನೂ ಹೋದ್ರೆ, 'ಈ ಊರು ಬರೀ ಟ್ರೇನಿಂಗ್ ಸೆಂಟರ್, ಬೆಳೆದವರೆಲ್ಲ ಹೋಗ್ತಾರೆ' ಅನ್ನೋ ಹಣೆಪಟ್ಟಿ ಅಂಟಿಬಿಡ್ತಿತ್ತು. ಅವರು ಕೊಟ್ಟಿದ್ದು ಆ ಹಣೆಪಟ್ಟಿ ಕೀಳೋ ಬೆಲೆ ಅಂತ ನಾನು ಅಂದುಕೊಂಡಿದೀನಿ. ನಾಲ್ಕು ವರ್ಷ ಆದ್ಮೇಲೆ, 2016ರ ಜೂನ್‌ನಲ್ಲಿ, ತಂಡವೇ ತನ್ನ ಇಷ್ಟದಂತೆ ವೆಬರ್‌ರನ್ನ ಮಾಂಟ್ರಿಯಲ್‌ಗೆ ಕೊಟ್ಟು ಪಿ.ಕೆ. ಸುಬ್ಬನ್‌ರನ್ನ ತಂತು, 2017ರಲ್ಲಿ ಫೈನಲ್ ಮುಟ್ಟಿತು. ಕಿತ್ತುಕೊಂಡು ಹೋಗೋದಕ್ಕೂ ನಾವೇ ಬಿಟ್ಟುಕೊಡೋದಕ್ಕೂ ವ್ಯತ್ಯಾಸ ಇದೆ.

ಅಷ್ಟರಲ್ಲಿ ಲೀಗ್ ಕೂಡ ಎಚ್ಚೆತ್ತಿತು. 2013ರ ಒಪ್ಪಂದದಲ್ಲಿ ಸ್ವಂತ ಆಟಗಾರರಿಗೆ ಹೆಚ್ಚೆಂದ್ರೆ ಎಂಟು ವರ್ಷ, ಹೊರಗಿನವರಿಗೆ ಏಳು ವರ್ಷ ಅಂತ ಕಟ್ಟು ಬಿತ್ತು. ಬೆಳೆಸಿದ ತಂಡಕ್ಕೆ ಒಂದು ವರ್ಷದ ಹೆಚ್ಚುವರಿ ಭದ್ರತೆ ಕೊಡೋ ಅಧಿಕಾರ ಸಿಕ್ಕಿತು. 2026ರ ಸೆಪ್ಟೆಂಬರ್‌ನಿಂದ ಜಾರಿಗೆ ಬರೋ ಒಪ್ಪಂದದಲ್ಲಿ ಅದು ಏಳು ಮತ್ತು ಆರು.

ಬೇಲಿಯಲ್ಲಿ ಇನ್ನೊಂದು ತೂತು ಹಾಗೇ ಇದೆ. ಫ್ಲೋರಿಡಾ, ಟೆಕ್ಸಸ್, ನೆವಾಡಾ, ಟೆನೆಸಿಯಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅದೇ ಸಂಬಳ, ಅಲ್ಲಿ ಕೈಗೆ ಹೆಚ್ಚು. 2024, 2025 ಎರಡೂ ವರ್ಷ ಕಪ್ ಗೆದ್ದದ್ದು ಫ್ಲೋರಿಡಾ ಪ್ಯಾಂಥರ್ಸ್. ತೆರಿಗೆಯಿಂದಲೇ ಗೆದ್ರು ಅಂದ್ರೆ ತಪ್ಪಾಗುತ್ತೆ, ಆದ್ರೆ ವಿನ್ನಿಪೆಗ್‌ನವರಿಗೆ ಅದು ಚುಚ್ಚದೇ ಇರಲ್ಲ.

ಬಾಂಡ್ ಬರೆಸಿಕೊಂಡ ಹುಡುಗ

ಇಲ್ಲಿವರೆಗೆ ನಾನು ಊರಿನ ಕಡೆ ನಿಂತು ಮಾತಾಡಿದೆ. ಈಗ ಹುಡುಗನ ಕಡೆ ಬರೋಣ.

ಹದಿನೆಂಟು ವರ್ಷಕ್ಕೆ ಡ್ರಾಫ್ಟ್. ಯಾವ ಊರು ಅನ್ನೋದು ಅವನ ಕೈಯಲ್ಲಿಲ್ಲ. ಮೊದಲ ಒಪ್ಪಂದ ಸಾಮಾನ್ಯವಾಗಿ ಮೂರು ವರ್ಷ, ಮೂಲ ಸಂಬಳದ ಗರಿಷ್ಠ ಎಷ್ಟು ಅಂತ ನಿಯಮವೇ ಹೇಳುತ್ತೆ. ಅದಾದ ಮೇಲೂ ಸ್ವತಂತ್ರ ಅಲ್ಲ. 27 ವರ್ಷ ತುಂಬಬೇಕು, ಇಲ್ಲಾ ಲೀಗ್‌ನಲ್ಲಿ ಏಳು ಸೀಸನ್ ಮುಗಿಸಬೇಕು. ಅಲ್ಲಿತನಕ ಅವನ ಹಕ್ಕು ತಂಡದ್ದು. ಕ್ಯಾಂಪಸ್‌ನಲ್ಲಿ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿದಾಗಲೇ ನಮಗೆ ಉಸಿರು ಕಟ್ಟಿದ ಹಾಗಾಗುತ್ತೆ. ಇವರದ್ದು ಏಳು ವರ್ಷದ ಬಾಂಡ್, ಅದೂ ಕಂಪನಿ ಆರಿಸೋ ಅವಕಾಶ ಇಲ್ಲದೆ. ಐಸ್ ಹಾಕಿಯಲ್ಲಿ ಆಟಗಾರನ ಒಳ್ಳೇ ವರ್ಷಗಳು ಅಂದ್ರೆ ಅವೇ.

ಸಣ್ಣ ಊರು ತನ್ನ ಹುಡುಗರನ್ನ ಉಳಿಸಿಕೊಳ್ಳೋದು ಕ್ಯಾಪ್‌ನಿಂದ ಅನ್ನೋದಕ್ಕಿಂತ ಈ ಬಾಂಡ್‌ನಿಂದ. ಆ ಏಳು ವರ್ಷದಲ್ಲಿ ಊರು ಅವನ ಮನಸ್ಸು ಗೆಲ್ಲಬೇಕು. ಗೆಲ್ಲದಿದ್ರೆ ಹೋಗ್ತಾನೆ. ವಿನ್ನಿಪೆಗ್ 2012ರಲ್ಲಿ 9ನೇ ಆಯ್ಕೆಯಲ್ಲಿ ತಂದ ಜೇಕಬ್ ಟ್ರೂಬಾ ಹಾಗೇ ಹೋದ್ರು, 2019ರಲ್ಲಿ, ನ್ಯೂಯಾರ್ಕ್‌ಗೆ. 2014ರಲ್ಲಿ ಆರಿಸಿದ ನಿಕೊಲಾಯ್ ಎಲರ್ಸ್ ಹತ್ತು ಸೀಸನ್ ಆಡಿ, 2025ರ ಜುಲೈನಲ್ಲಿ ಕ್ಯಾರೊಲಿನಾ ಸೇರಿದ್ರು, ಆರು ವರ್ಷ, ವರ್ಷಕ್ಕೆ 85 ಲಕ್ಷ. ಶೈಫ್ಲಿ, ಹೆಲೆಬಕ್‌ಗೆ ಸಿಗೋದೂ ಅಷ್ಟೇ ಅನ್ನೋದು ನೆನಪಿರಲಿ. ಅವರು ದುಡ್ಡಿಗಾಗಿ ಮಾತ್ರ ಹೋದ್ರು ಅನ್ನೋಕೆ ಈ ಅಂಕಿ ಬಿಡಲ್ಲ. ಹತ್ತು ವರ್ಷ ಕೊಟ್ಟ ಮನುಷ್ಯನನ್ನ ದ್ರೋಹಿ ಅನ್ನೋದು ನನ್ನಿಂದಾಗಲ್ಲ. ಮೊದಲ ಸಲ ಆರಿಸೋ ಅವಕಾಶ ಸಿಕ್ಕಿತು, ಆರಿಸಿಕೊಂಡ್ರು.

ಕ್ಯಾಪ್‌ನಿಂದಲೇ ಕಳಕೊಂಡವರು

ಇನ್ನೊಂದು ತಮಾಷೆ ಇದೆ. ಬೆಳೆಸಿದ ಹುಡುಗರನ್ನ ಬಿಡೋ ಹಾಗೆ ಕ್ಯಾಪ್ಪೇ ಮಾಡುತ್ತೆ ಒಮ್ಮೊಮ್ಮೆ. 2024ರಲ್ಲಿ ಎಡ್ಮಂಟನ್ ಫೈನಲ್‌ನ ಏಳನೇ ಪಂದ್ಯದ ತನಕ ಬಂದು ಸೋತಿತ್ತು. ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ತಂಡ ಎಡ್ಮಂಟನ್‌ನ ಇಬ್ಬರು ಎಳೆಯರಿಗೆ, ಫಿಲಿಪ್ ಬ್ರೋಬರ್ಗ್ ಮತ್ತು ಡಿಲನ್ ಹಾಲೊವೇಗೆ, ಒಂದೇ ದಿನ ಆಫರ್ ಶೀಟ್ ಕೊಟ್ಟಿತು. ಇಬ್ಬರೂ ಎಡ್ಮಂಟನ್ ಮೊದಲ ಸುತ್ತಲ್ಲಿ ಆರಿಸಿ ಬೆಳೆಸಿದವರು. ದುಡ್ಡಿರಲಿಲ್ಲ ಅಂತಲ್ಲ, ಕ್ಯಾಪ್‌ನಲ್ಲಿ ಜಾಗ ಇರಲಿಲ್ಲ. ಏಳು ದಿನ ಯೋಚಿಸಿ ಎಡ್ಮಂಟನ್ ಇಬ್ಬರನ್ನೂ ಬಿಟ್ಟಿತು. ಒಬ್ಬ ದೊಡ್ಡ ಮಗನ ಫೀಸ್ ಕಟ್ಟೋಕೆ ಹೋಗಿ ಚಿಕ್ಕವನ ಸ್ಕೂಲ್ ಬಿಡಿಸಿದ ಹಾಗೆ.

ಬಹುಶಃ ಅದಕ್ಕೇ ಇರಬೇಕು, 2025ರ ಅಕ್ಟೋಬರ್‌ನಲ್ಲಿ ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ ಮಾಡಿದ್ದು ಎಲ್ಲರ ಹುಬ್ಬೇರಿಸ್ತು. ಈಗಿನ ಆಟಗಾರರಲ್ಲಿ ಅವರೇ ಮೇಲು ಅನ್ನೋರು ಬಹಳ. ಒಬ್ಬ ಆಟಗಾರ ತಂಡದ ಮಿತಿಯ ಶೇ 20ರ ತನಕ ಕೇಳಬಹುದು. 2026–27ರ ಮಿತಿ 10.4 ಕೋಟಿ ಅಂತ ಲೀಗ್ ಮೊದಲೇ ಅಂದಾಜು ಕೊಟ್ಟಿತ್ತು, ಅಂದ್ರೆ ಹಳೇ ಸಂಬಳಕ್ಕಿಂತ ಎಷ್ಟೋ ಹೆಚ್ಚು ಕೇಳಬಹುದಿತ್ತು. ಅವರು ಹಳೇ 1.25 ಕೋಟಿಗೇ ಸಹಿ ಹಾಕಿದ್ರು. ಆದ್ರೆ ಬರೀ ಎರಡು ವರ್ಷಕ್ಕೆ. ನಾನು ಇದನ್ನ ಹೀಗೆ ಓದ್ತೀನಿ: 'ದುಡ್ಡು ಬಿಡ್ತೀನಿ, ತಂಡ ಕಟ್ಟಿ ತೋರಿಸಿ. ಎರಡು ವರ್ಷ ನೋಡ್ತೀನಿ.' ಪ್ರೀತಿಯೂ ಇದೆ, ನೋಟಿಸ್ ಪೀರಿಯಡ್ಡೂ ಇದೆ.

ಊರಿನ ಪಾಲೆಷ್ಟು?

ಕೊನೆಗೆ ಉಳಿಯೋದು ಜನ. 2011ರಲ್ಲಿ ಜೆಟ್ಸ್ ವಾಪಸ್ ಬಂದಾಗ ವಿನ್ನಿಪೆಗ್‌ನಲ್ಲಿ 13,000 ಸೀಸನ್ ಟಿಕೆಟ್ ಮಾರಬೇಕಿತ್ತು. ಸಾರ್ವಜನಿಕ ಮಾರಾಟಕ್ಕೆ ಬಿಟ್ಟದ್ದು 17 ನಿಮಿಷದಲ್ಲಿ ಖಾಲಿ. ಆದ್ರೆ ಕೋವಿಡ್ ಆದ್ಮೇಲೆ ಆ ಸಂಖ್ಯೆ ಇಳೀತಾ ಬಂದು 2024ರ ಹೊತ್ತಿಗೆ 9,500ರ ಆಸುಪಾಸಿಗೆ ನಿಂತಿತು. ಹೀಗೇ ಆದ್ರೆ ನಡೆಯಲ್ಲ ಅಂತ ತಂಡದ ಅಧ್ಯಕ್ಷ ಮಾರ್ಕ್ ಚಿಪ್‌ಮನ್ ಬಹಿರಂಗವಾಗೇ ಹೇಳಬೇಕಾಯ್ತು. ಸಹ ಮಾಲೀಕ ಡೇವಿಡ್ ಥಾಮ್ಸನ್ ಕೆನಡಾದ ಅತಿ ಶ್ರೀಮಂತರಲ್ಲಿ ಒಬ್ಬರು, ಆದ್ರೂ ಈ ಮಾತು ಬಂತು. ಶೈಫ್ಲಿ, ಹೆಲೆಬಕ್ ಏಳು ವರ್ಷಕ್ಕೆ ಸಹಿ ಹಾಕಿದ ಮುಂದಿನ ಚಳಿಗಾಲದ ಮಾತಿದು. ಆಟಗಾರರು ಊರಲ್ಲಿ ಉಳಿದ್ರು, ಊರು ಕುರ್ಚಿಯಲ್ಲಿ ಉಳೀಬೇಕಲ್ಲ!

2024–25ರಲ್ಲಿ ಜೆಟ್ಸ್ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸ್ತು, ಮೊದಲ ಸಲ. 129 ಸಲ ಕೈಬಿಟ್ಟುಹೋಗಿದ್ದ ಹೆಲೆಬಕ್ ಲೀಗ್‌ನ ಅತ್ಯುತ್ತಮ ಆಟಗಾರನ ಹಾರ್ಟ್ ಟ್ರೋಫಿ ಗೆದ್ರು. ಹತ್ತು ವರ್ಷದಲ್ಲಿ ಒಬ್ಬ ಗೋಲ್‌ಕೀಪರ್‌ಗೆ ಅದು ಸಿಕ್ಕಿದ್ದು ಮೊದಲ ಸಲ. ಆ ಬೇಸಿಗೆಯಲ್ಲೇ ವಿನ್ನಿಪೆಗ್‌ನಲ್ಲೇ ಹುಟ್ಟಿ, ಶಿಕಾಗೊ ಪರ ಮೂರು ಕಪ್ ಗೆದ್ದಿದ್ದ ಜೊನಾಥನ್ ಟೇವ್ಸ್ 37ರ ವಯಸ್ಸಲ್ಲಿ ತವರಿನ ತಂಡಕ್ಕೆ ಸಹಿ ಹಾಕಿದ್ರು. 2015ರಲ್ಲಿ ಆರಿಸಿದ ಕೈಲ್ ಕಾನರ್ ಅಕ್ಟೋಬರ್‌ನಲ್ಲಿ ಎಂಟು ವರ್ಷಕ್ಕೆ ಉಳಿದುಕೊಂಡ್ರು. ವರ್ಷಕ್ಕೆ 1.2 ಕೋಟಿ ಡಾಲರ್. ಎರಡೇ ವರ್ಷದಲ್ಲಿ ಉಳಿಸಿಕೊಳ್ಳೋ ಬೆಲೆ 85 ಲಕ್ಷದಿಂದ ಎಲ್ಲಿಗೆ ಹೋಯ್ತು ನೋಡಿ.

ಮುಂದಿನ ಚಿಂತೆ ಇದೇ. ಮಿತಿ ಈಗ ಜೋರಾಗಿ ಏರ್ತಿದೆ: 8.8 ಕೋಟಿ, 9.55 ಕೋಟಿ, ಆಮೇಲೆ 10.4 ಕೋಟಿ, 2027–28ಕ್ಕೆ 11.35 ಕೋಟಿಯ ಅಂದಾಜು. ಟೊರಾಂಟೊ, ನ್ಯೂಯಾರ್ಕ್ ಹೆಚ್ಚು ಸಂಪಾದಿಸಿದ್ರೆ ಲೀಗ್‌ನ ಆದಾಯ ಏರುತ್ತೆ, ಅದರ ಜೊತೆ ಮಿತಿ ಏರುತ್ತೆ, ಅದರ ಜೊತೆ ವಿನ್ನಿಪೆಗ್ ಕೊಡಲೇಬೇಕಾದ ಕನಿಷ್ಠವೂ ಏರುತ್ತೆ. ವಿನ್ನಿಪೆಗ್‌ನ ಕುರ್ಚಿ ಮಾತ್ರ ಅಷ್ಟೇ 15 ಸಾವಿರ. ಪಕ್ಕದ ಮನೆಯವರ ಸಂಬಳ ಏರಿತು ಅಂತ ಇಡೀ ಬೀದಿಗೆ ಬಾಡಿಗೆ ಏರಿಸಿದ ಹಾಗೆ.

ಹಾಗಾದ್ರೆ ಕ್ಯಾಪ್ ಬೇಕಾ, ಬೇಡ್ವಾ? ಬೇಕು ಅಂತೀನಿ. ಅದಿಲ್ಲದಿದ್ದಾಗ ಕ್ಯುಬೆಕ್ ಏನಾಯ್ತು ಅಂತ ನೋಡಿದೀವಿ. ಆದ್ರೆ ಅದನ್ನ ಸಣ್ಣ ಊರಿನ ರಕ್ಷಕ ಅಂತ ಪೂಜೆ ಮಾಡೋದು ಬೇಡ. ಅದರ ದೊಡ್ಡ ಫಲಾನುಭವಿ ಖರ್ಚು ಇಷ್ಟೇ ಅಂತ ಮೊದಲೇ ಗೊತ್ತಾಗೋ ಮಾಲೀಕ. ಅದಕ್ಕೆ ದೊಡ್ಡ ಬೆಲೆ ತೆರೋದು ಇಪ್ಪತ್ತೆರಡು ವರ್ಷದ, ಬಿಟ್ಟು ಹೋಗೋಕಾಗದ ಹುಡುಗ. ನನ್ನನ್ನ ಕೇಳಿದ್ರೆ ಆದಾಯದ ಹಂಚಿಕೆ ಇನ್ನಷ್ಟು ಹೆಚ್ಚಿಸಿ, ಬಾಂಡ್‌ನ ವರ್ಷ ಒಂದೆರಡು ಇಳಿಸಿ ಅಂತೀನಿ. ಊರನ್ನ ಉಳಿಸೋ ಖರ್ಚನ್ನ ಶ್ರೀಮಂತ ತಂಡ ಹೆಚ್ಚು ಹೊರಲಿ, ಹುಡುಗ ಕಮ್ಮಿ ಹೊರಲಿ.

ಹುಬ್ಬಳ್ಳಿಯಿಂದ, ಹಾಸನದಿಂದ, ಶಿವಮೊಗ್ಗದಿಂದ ಬೆಂಗಳೂರಿಗೆ, ಬೆಂಗಳೂರಿಂದ ಇನ್ನೆಲ್ಲಿಗೋ ಹೋಗಿರೋ ನಾವೆಲ್ಲ ಒಂದು ಲೆಕ್ಕಕ್ಕೆ ಊರು ಬಿಟ್ಟ ಫ್ರೀ ಏಜೆಂಟ್‌ಗಳೇ. ನಮ್ಮ ಊರುಗಳಿಗೆ ಕ್ಯಾಪ್ ಇಲ್ಲ, ಮ್ಯಾಚ್ ಮಾಡೋ ಏಳು ದಿನ ಇಲ್ಲ, ಪರಿಹಾರವೂ ಇಲ್ಲ. ನಿಮ್ಮೂರು ನಿಮಗೊಂದು ಆಫರ್ ಕೊಟ್ಟಿದ್ರೆ, ಎಷ್ಟು ಕಮ್ಮಿಗೆ ನೀವು ಸಹಿ ಹಾಕ್ತಿದ್ರಿ? ಕಾಮೆಂಟ್‌ನಲ್ಲಿ ಬರೀರಿ, ಬರೀ 'ಹೌದು', 'ಇಲ್ಲ' ಅಲ್ಲ, ಮೊತ್ತ ಸಮೇತ.